ಏಳನೇ ನಿಲ್ದಾಣ

ಸಾಹಿತ್ಯ ಉತ್ಸವದ ಡೇರೆಯಲ್ಲಿ 200 ಕುರ್ಚಿ ಹಾಕಿದ್ದರು. ಕೂತಿದ್ದವರು 14 ಜನ. ಅಷ್ಟು ಕಡಿಮೆ ಇದ್ದಾಗ ವೇದಿಕೆಯ ಮೇಲಿಂದ ಎಣಿಸುವುದು ಕಷ್ಟವಲ್ಲ. ಪಕ್ಕದ ದೊಡ್ಡ ಡೇರೆಯಲ್ಲಿ ಅದೇ ಹೊತ್ತಿಗೆ ಹೆಸರಾಂತ ಕಾದಂಬರಿಕಾರರೊಬ್ಬರ ಗೋಷ್ಠಿ ಇತ್ತು. ಅಲ್ಲಿನ ನಗು, ಚಪ್ಪಾಳೆ ಬಟ್ಟೆಯ ಗೋಡೆ ದಾಟಿ ನಮ್ಮ ಕಡೆಗೂ ಬರುತ್ತಿತ್ತು. ನಾನು ನನ್ನ ಕಥಾಸಂಕಲನದಿಂದ ಒಂದೆರಡು ಪುಟ ಓದಿದೆ. ಗೋಷ್ಠಿ ನಡೆಸುತ್ತಿದ್ದವರು ನಾಲ್ಕು ಪ್ರಶ್ನೆ ಕೇಳಿದರು. ಕೊನೆಯ ಹತ್ತು ನಿಮಿಷ ಕೇಳುಗರಿಗೆ. ಮೂರನೇ ಸಾಲಿನಲ್ಲಿದ್ದ ಹೆಂಗಸೊಬ್ಬರು ಕೈ ಎತ್ತಿದರು. ಅವರ ತೊಡೆಯ ಮೇಲೆ ನನ್ನ ಪುಸ್ತಕ ಇತ್ತು. ಪುಟಗಳ ನಡುವೆ ಅಲ್ಲಲ್ಲಿ ಕಾಗದದ ಚೂರು ಸಿಕ್ಕಿಸಿದ್ದರು.

“ಮನೆಗೆ ಬೀಗ ಹಾಕಿ ಹೊರಡುವ ಕಥೆಯಲ್ಲಿ ಎರಡು ಕೀಲಿಕೈ ಇವೆ. ಒಂದು ಅಪ್ಪನ ಜೇಬಿಗೆ ಹೋಗುತ್ತದೆ. ಇನ್ನೊಂದು ಯಾರ ಹತ್ತಿರ ಉಳಿಯಿತು?”

ನನ್ನ ಹತ್ತಿರ ಉತ್ತರ ಇರಲಿಲ್ಲ. ಬರೆಯುವಾಗ ಎರಡು ಕೀಲಿಕೈ ಅಂತ ಬರೆದಿದ್ದೆ. ಆಮೇಲೆ ಎರಡನೆಯದು ನನ್ನ ಮನಸ್ಸಿನಿಂದಲೇ ಜಾರಿಹೋಗಿತ್ತು. ಅದನ್ನೇ ಹೇಳಿದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. “ಹಾಗಾದರೆ ಯೋಚನೆ ಮಾಡಿ” ಅಂದರು, ಅಷ್ಟೇ.

ಆಮೇಲೆ ಸಹಿ ಹಾಕಿಸಿಕೊಳ್ಳಲು ಬಂದಾಗ ಪುಸ್ತಕ ಹೇಗೆ ಸಿಕ್ಕಿತು ಎಂದು ಕೇಳಿದೆ. ಮೂರು ತಿಂಗಳ ಹಿಂದೆ ಒಂದು ಪುಟ್ಟ ಬ್ಲಾಗಿನಲ್ಲಿ ಅದರ ಬಗ್ಗೆ ಓದಿದ್ದಾಗಿ ಹೇಳಿದರು. ಬ್ಲಾಗಿನ ಹೆಸರನ್ನೂ ಹೇಳಿದರು. ನನಗೆ ಆ ಹೆಸರು ಚೆನ್ನಾಗಿ ನೆನಪಿತ್ತು. ನನ್ನ ಆನ್‌ಲೈನ್ ಪುಸ್ತಕ ಪ್ರವಾಸದ ಏಳನೇ ನಿಲ್ದಾಣ ಅದು. ಹತ್ತು ನಿಲ್ದಾಣಗಳ ಪೈಕಿ ಒಂದೇ ಒಂದು ಕಾಮೆಂಟೂ ಬಾರದೆ ಉಳಿದದ್ದು ಅದೊಂದೇ. ಪ್ರವಾಸ ಮುಗಿದ ದಿನ ಎಲ್ಲ ನಿಲ್ದಾಣಗಳ ಪಟ್ಟಿ ಮಾಡಿ, ಅದರ ಮುಂದೆ ‘ಪ್ರಯೋಜನವಾಗಲಿಲ್ಲ’ ಎಂದು ಬರೆದಿಟ್ಟಿದ್ದೆ.

ಹಾಗೆ ಬರೆದದ್ದಕ್ಕೆ ನನಗೆ ಈಗಲೂ ನೋವಿದೆ.

ಆನ್‌ಲೈನ್ ಪುಸ್ತಕ ಪ್ರವಾಸ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಲೇಖಕರು ಮನೆಯಲ್ಲೇ ಇರುತ್ತಾರೆ, ಪುಸ್ತಕ ಊರು ಸುತ್ತುತ್ತದೆ. ಒಂದು ವಾರವೋ ಎರಡು ವಾರವೋ, ದಿನಕ್ಕೊಂದು ಬ್ಲಾಗ್, ಇನ್‌ಸ್ಟಾಗ್ರಾಮ್ ಖಾತೆ, ಪಾಡ್‌ಕಾಸ್ಟ್ ಅಥವಾ ಯೂಟ್ಯೂಬ್ ಚಾನೆಲ್ ಆ ಪುಸ್ತಕಕ್ಕೆ ಜಾಗ ಕೊಡುತ್ತದೆ. ಒಂದು ಕಡೆ ವಿಮರ್ಶೆ, ಇನ್ನೊಂದು ಕಡೆ ಸಂದರ್ಶನ, ಮತ್ತೊಂದು ಕಡೆ ಲೇಖಕರದೇ ಒಂದು ಪುಟ್ಟ ಬರಹ, ಇಲ್ಲವೇ ಪುಸ್ತಕದ ಒಂದು ಅಧ್ಯಾಯ. ಕೆಲವರು ಉಚಿತ ಪ್ರತಿಗಳನ್ನು ಚೀಟಿ ಎತ್ತಿ ಹಂಚುತ್ತಾರೆ. ಇದನ್ನೆಲ್ಲ ಜೋಡಿಸಿ ಕೊಡುವುದನ್ನೇ ಕೆಲಸವಾಗಿ ಮಾಡುವವರೂ ಇದ್ದಾರೆ. ತಾಳ್ಮೆ ಇದ್ದರೆ ಲೇಖಕರೇ ಮಾಡಿಕೊಳ್ಳಬಹುದು. ನಾನು ನಾನೇ ಮಾಡಿಕೊಂಡೆ.

ಹೊರಗಿನಿಂದ ನೋಡಿದರೆ ಎರಡು ವಾರದ ಸಡಗರ. ಒಳಗೆ ಅದು ಮೂರು ನಾಲ್ಕು ತಿಂಗಳ ಕೆಲಸ. ಪುಸ್ತಕ ಓದಿ ಬರೆಯುವವರಿಗೆ ಸಮಯ ಬೇಕಲ್ವಾ? ಅವರಿಗೂ ನೌಕರಿ ಇದೆ, ಮನೆ ಇದೆ, ಮೇಜಿನ ಮೇಲೆ ಬೇರೆಯವರ ಪುಸ್ತಕಗಳು ಕಾಯುತ್ತಿವೆ. ಕಡಿಮೆ ಅಂದರೂ ಆರರಿಂದ ಎಂಟು ವಾರ ಮೊದಲು ಮುಂಗಡ ಪ್ರತಿ ಅವರ ಕೈ ಸೇರಬೇಕು. ಮುಂಗಡ ಪ್ರತಿ ಅಂದರೆ ಕೊನೆಯ ಸುತ್ತಿನ ತಿದ್ದುಪಡಿ ಆಗುವ ಮೊದಲೇ ವಿಮರ್ಶಕರಿಗೆ ಕೊಡುವ ಪ್ರತಿ. ಇದು ಮಾರಾಟಕ್ಕಲ್ಲ, ಮುದ್ರಿತ ಪುಸ್ತಕದ ಜೊತೆ ಹೋಲಿಸಿ ನೋಡದೆ ಸಾಲುಗಳನ್ನು ಉಲ್ಲೇಖಿಸಬೇಡಿ ಎಂದು ಅದರ ಮೇಲೆ ಬರೆದಿರುತ್ತಾರೆ. ಮೊದಲು ಇವೆಲ್ಲ ಅಂಚೆಯಲ್ಲಿ ಹೋಗುತ್ತಿದ್ದವು. 2008ರಲ್ಲಿ ನೆಟ್‌ಗ್ಯಾಲಿ ಎಂಬ ಜಾಲತಾಣ ಶುರುವಾದ ಮೇಲೆ ಪ್ರಕಾಶಕರು ಡಿಜಿಟಲ್ ಮುಂಗಡ ಪ್ರತಿಗಳನ್ನು ಓದುಗರಿಗೆ ನೇರವಾಗಿ ಕೊಡುವುದು ಸುಲಭವಾಯಿತು. ಅದಕ್ಕೂ ಒಂದು ವರ್ಷ ಮೊದಲು, 2007ರಲ್ಲಿ, ಗುಡ್‌ರೀಡ್ಸ್ ಎಂಬ, ಓದುಗರು ಪುಸ್ತಕಗಳ ಬಗ್ಗೆ ಬರೆದುಕೊಳ್ಳುವ ತಾಣ ಬಂದಿತ್ತು. ಸಾಮಾನ್ಯ ಓದುಗರ ಅಭಿಪ್ರಾಯಕ್ಕೆ ಎಷ್ಟು ತೂಕ ಇದೆ ಎಂಬುದು ಎಲ್ಲರಿಗೂ ಕಾಣತೊಡಗಿದ್ದು ಆ ವರ್ಷಗಳಲ್ಲಿ. 2013ರಲ್ಲಿ ಅಮೆಜಾನ್ ಗುಡ್‌ರೀಡ್ಸ್ ಅನ್ನು ಕೊಂಡುಕೊಂಡಿತು.

ಮುಂಗಡ ಪ್ರತಿ ಕಳಿಸುವುದು ಸುಲಭ. ಯಾರಿಗೆ ಕಳಿಸಬೇಕು ಎಂದು ಹುಡುಕುವುದೇ ನಿಜವಾದ ಕೆಲಸ. ನಾನು ಮೊದಲ ವಾರ ಹಿಂಬಾಲಕರ ಸಂಖ್ಯೆ ನೋಡಿ ಬ್ಲಾಗ್‌ಗಳನ್ನು ಆರಿಸಿದೆ. ದೊಡ್ಡ ಸಂಖ್ಯೆ ಇದ್ದಲ್ಲಿಗೆಲ್ಲ ಒಂದೇ ಪತ್ರವನ್ನು ಹೆಸರು ಬದಲಾಯಿಸಿ ಕಳಿಸಿದೆ. ಇಪ್ಪತ್ತು ಪತ್ರಕ್ಕೆ ಒಂದು ಉತ್ತರ ಬಂತು. ಅದೂ ಒಂದೇ ಸಾಲು: ತಾವು ಸಣ್ಣಕಥೆ ಓದುವುದಿಲ್ಲ, ಅದು ತಮ್ಮ ಬ್ಲಾಗಿನ ಮೊದಲ ಪುಟದಲ್ಲೇ ಬರೆದಿದೆ. ಅವರು ಹೇಳಿದ್ದು ಸರಿ. ನಾನು ಅವರ ಪುಟ ಓದಿರಲಿಲ್ಲ. ನನ್ನ 180 ಪುಟ ಓದಿ ಎಂದು ಕೇಳುತ್ತಿದ್ದವನು ಅವರ ಒಂದು ಪುಟ ಓದಿರಲಿಲ್ಲ.

ಆಮೇಲೆ ಕೂತು ಓದಿದೆ. ಒಂದೊಂದು ಬ್ಲಾಗಿನ ಹತ್ತು ಹದಿನೈದು ಬರಹ. ಯಾರು ಕಥೆಯ ಭಾಷೆ ಗಮನಿಸುತ್ತಾರೆ, ಯಾರು ಪಾತ್ರಗಳ ಜೊತೆ ಜಗಳವಾಡುತ್ತಾರೆ, ಯಾರು ಸುಮ್ನೆ ಮುಖಪುಟದ ಫೋಟೊ ಹಾಕಿ ಮುಂದೆ ಹೋಗುತ್ತಾರೆ ಎಂದು ನಿಧಾನವಾಗಿ ಗೊತ್ತಾಯಿತು. ಹತ್ತು ಜನಕ್ಕೆ ಹತ್ತು ಬೇರೆ ಬೇರೆ ಪತ್ರ ಬರೆದೆ. ನಿಮ್ಮ ಈ ಬರಹದಲ್ಲಿ ಹೀಗೆ ಹೇಳಿದ್ದೀರಿ, ಅದಕ್ಕೇ ನನ್ನ ಪುಸ್ತಕದ ಈ ಕಥೆ ನಿಮಗೆ ಹಿಡಿಸಬಹುದು ಅನ್ನಿಸಿತು ಎಂದು. ಏಳು ಜನ ಒಪ್ಪಿದರು. ಉಳಿದ ಮೂವರಿಗೆ ಬದಲಾಗಿ ಬೇರೆ ಮೂವರು ಸಿಕ್ಕಿದರು. ಏಳನೇ ನಿಲ್ದಾಣದವರು ಆ ಕೊನೆಯ ಮೂವರಲ್ಲಿ ಒಬ್ಬರು. ಅವರ ಬ್ಲಾಗಿಗೆ ಹಿಂಬಾಲಕರು ನೂರು ಜನವೂ ಇರಲಿಲ್ಲ. ಬೇರೆ ದಾರಿ ಇಲ್ಲದೆ ಸೇರಿಸಿಕೊಂಡಿದ್ದೆ.

ಪ್ರವಾಸದಲ್ಲಿ ನಾನು ಮಾಡಿದ ಇನ್ನೊಂದು ತಪ್ಪು ಸಂದರ್ಶನಗಳದ್ದು. ಮೂರು ಬ್ಲಾಗಿನವರು ಪ್ರಶ್ನೆ ಕಳಿಸಿದ್ದರು. ಬರೆಯಲು ಸ್ಫೂರ್ತಿ ಯಾರು, ದಿನಚರಿ ಏನು, ಹೊಸಬರಿಗೆ ನಿಮ್ಮ ಸಲಹೆ ಏನು. ಮೊದಲ ಸಲ ಮನಸ್ಸಿಟ್ಟು ಬರೆದೆ. ಎರಡನೆಯದಕ್ಕೆ ಮೊದಲಿನ ಉತ್ತರಗಳನ್ನೇ ಸ್ವಲ್ಪ ತಿದ್ದಿ ಅಂಟಿಸಿದೆ. ಮೂರನೆಯದಕ್ಕೆ ತಿದ್ದಲೂ ಇಲ್ಲ. ಪ್ರವಾಸದ ಜೊತೆಜೊತೆಗೇ ದಿನವೂ ಓದುತ್ತಾ ಬಂದವರು ಒಬ್ಬರಿದ್ದರು. ಒಂಬತ್ತನೇ ದಿನ ಅವರು ಕಾಮೆಂಟಿನಲ್ಲಿ ಕೇಳಿದರು: “ಇದನ್ನು ಮೊನ್ನೆಯೇ ಓದಿದೆನಲ್ಲ?” ಅದು ಕೋಪದ ಮಾತಲ್ಲ, ಬರೀ ಪ್ರಶ್ನೆ. ಆದರೆ ನನಗೆ ನಾಟಿತು. ಹತ್ತು ನಿಲ್ದಾಣಕ್ಕೂ ಬರುವ ಓದುಗ ಒಬ್ಬನಾದರೂ ಇರುತ್ತಾನೆ ಎಂದು ನಾನು ಎಣಿಸಿರಲೇ ಇಲ್ಲ. ಆ ಒಬ್ಬನಿಗಾಗಿ ಪ್ರತಿ ನಿಲ್ದಾಣದಲ್ಲೂ ಹೊಸದೊಂದು ಇರಬೇಕು. ಒಂದು ಕಡೆ ಕಥೆಯ ಮೊದಲ ಕರಡಿನ ಪುಟ, ಒಂದು ಕಡೆ ಕೈಬಿಟ್ಟ ಪಾತ್ರದ ಬಗ್ಗೆ ನಾಲ್ಕು ಮಾತು, ಒಂದು ಕಡೆ ಹತ್ತು ನಿಮಿಷದ ಓದು. ಕೆಲಸ ಜಾಸ್ತಿ, ನಿಜ. ಆದರೆ ಬೇರೆಯವರ ಮನೆಗೆ ಹೋಗುವಾಗ ಹಿಂದಿನ ಮನೆಯಲ್ಲಿ ಆಡಿದ ಮಾತನ್ನೇ ಹೊತ್ತುಕೊಂಡು ಹೋಗುವುದು ಮರ್ಯಾದೆಯಲ್ಲ.

ವಿಮರ್ಶೆಯ ವಿಷಯದಲ್ಲಿ ನನಗೆ ಗಟ್ಟಿ ಅಭಿಪ್ರಾಯ ಇದೆ. ಪ್ರವಾಸ ಜೋಡಿಸಿಕೊಡುವ ಹಲವರ ನಡುವೆ ಒಂದು ರೂಢಿ ಇದೆ. ವಿಮರ್ಶಕರಿಗೆ ಪುಸ್ತಕ ಹಿಡಿಸದಿದ್ದರೆ ಆ ದಿನ ವಿಮರ್ಶೆಯ ಬದಲು ಪುಸ್ತಕದ ಭಾಗವನ್ನೋ ಸಂದರ್ಶನವನ್ನೋ ಹಾಕುವುದು, ಕಟುವಾದ ವಿಮರ್ಶೆಯನ್ನು ಪ್ರವಾಸ ಮುಗಿದ ಮೇಲೆ ಪ್ರಕಟಿಸುವುದು. ಹಬ್ಬದ ದಿನ ಜಗಳ ಬೇಡ ಅನ್ನುವ ಹಾಗೆ. ಅದರ ಹಿಂದಿನ ಭಾವನೆ ನನಗೆ ಅರ್ಥವಾಗುತ್ತದೆ. ಆದರೂ ಮನಸ್ಸು ಒಪ್ಪುವುದಿಲ್ಲ. ಹತ್ತು ದಿನವೂ ಹೊಗಳಿಕೆಯೇ ಬಂದರೆ ಓದುಗ ಯಾರನ್ನೂ ನಂಬುವುದಿಲ್ಲ. ನನ್ನ ಪ್ರವಾಸದ ನಾಲ್ಕನೇ ದಿನದ ವಿಮರ್ಶೆ, ಸಂಕಲನದ ಎರಡು ಕಥೆಗಳು ಸೊರಗಿವೆ ಎಂದು ಹೇಳಿತು. ಯಾವುವು ಎಂದು ಹೆಸರಿಸಿ, ಯಾಕೆ ಎಂದೂ ಬರೆದಿದ್ದರು. ಅತಿ ಹೆಚ್ಚು ಚರ್ಚೆ ನಡೆದದ್ದು ಆ ಬರಹದ ಕೆಳಗೆ. ಪುಸ್ತಕ ಉಚಿತವಾಗಿ ಸಿಕ್ಕಿದ್ದರೆ ಅದನ್ನು ಓದುಗರಿಗೆ ಹೇಳುವುದೂ ಅಷ್ಟೇ ಮುಖ್ಯ. ಅಮೆರಿಕದಲ್ಲಿ ಅಲ್ಲಿನ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2009ರಲ್ಲೇ ತನ್ನ ಮಾರ್ಗಸೂಚಿ ತಿದ್ದಿ, ಉಚಿತ ವಸ್ತು ಪಡೆದು ಅದರ ಬಗ್ಗೆ ಬರೆಯುವ ಬ್ಲಾಗಿಗರು ಆ ಸಂಬಂಧವನ್ನು ಬಹಿರಂಗವಾಗಿ ತಿಳಿಸಬೇಕು ಎಂದಿತು. ನಿಯಮ ಇರಲಿ ಬಿಡಲಿ, ‘ಲೇಖಕರು ಪ್ರತಿ ಕಳಿಸಿದ್ದರು’ ಅನ್ನುವ ಒಂದು ಸಾಲು ಇದ್ದರೆ ಆ ವಿಮರ್ಶೆಯ ಮೇಲೆ ನನಗೆ ನಂಬಿಕೆ ಹೆಚ್ಚುತ್ತದೆ.

ಲೇಖಕರು ಓದುಗರನ್ನು ಹುಡುಕಿಕೊಂಡು ಹೋಗುವುದು ಇಂಟರ್ನೆಟ್ ಕಾಲದ ಸಂಗತಿಯೇನಲ್ಲ. 1853ರ ಡಿಸೆಂಬರ್‌ನಲ್ಲಿ ಇಂಗ್ಲಿಷ್ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ ಬರ್ಮಿಂಗ್‌ಹ್ಯಾಮಿನಲ್ಲಿ ಮೊದಲ ಸಲ ಸಾರ್ವಜನಿಕರ ಮುಂದೆ ತಮ್ಮ ಕಥೆ ಓದಿದರು. ಅದು ದಾನಕ್ಕಾಗಿ ನಡೆದ ಓದು. ಅಲ್ಲಿನ ಒಂದು ದಿನದ ಓದು ಕಾರ್ಮಿಕರಿಗೇ ಇರಲಿ, ಟಿಕೆಟ್ ಅವರ ಕೈಗೆಟುಕುವಂತಿರಲಿ ಎಂದು ಅವರೇ ಕೇಳಿಕೊಂಡಿದ್ದರು. 1858ರಿಂದ ತಮ್ಮ ಸಂಪಾದನೆಗಾಗಿ ಓದತೊಡಗಿದರು. 1867ರ ಕೊನೆಯಿಂದ 1868ರ ಏಪ್ರಿಲ್‌ವರೆಗೆ ಅಮೆರಿಕ ಸುತ್ತಿದರು. ಒಟ್ಟು 470ರ ಆಸುಪಾಸು ಓದುಗಳು. ಆ ಓದುಗಳು ಅವರ ಮೈಯನ್ನು ಹಣ್ಣು ಮಾಡಿದವು. 1870ರ ಮಾರ್ಚ್‌ನಲ್ಲಿ ಕೊನೆಯ ಸಲ ಓದಿ, ಜೂನ್‌ನಲ್ಲಿ ತೀರಿಕೊಂಡರು. ಅಮೆರಿಕದ ಲೇಖಕ ಮಾರ್ಕ್ ಟ್ವೈನ್ ಅವರದ್ದು ಇನ್ನೊಂದು ಕಥೆ. ವ್ಯವಹಾರದಲ್ಲಿ ದಿವಾಳಿಯಾಗಿ, 1895ರಲ್ಲಿ ಸಾಲ ತೀರಿಸಲು ಲೋಕ ಸುತ್ತಲು ಹೊರಟರು. ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಭಾರತ, ದಕ್ಷಿಣ ಆಫ್ರಿಕಾ ಎಂದು ಒಂದು ವರ್ಷ ಊರೂರಲ್ಲಿ ಮಾತಾಡಿದರು. ಕೊನೆಗೆ ಸಾಲವನ್ನೂ ತೀರಿಸಿದರು.

ಡಿಕನ್ಸ್ ಓದಲು ಬಳಸುತ್ತಿದ್ದ ಪ್ರತಿಗಳು ಇಂದಿಗೂ ಉಳಿದಿವೆ. ಕೆಲವು ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯದಲ್ಲಿವೆ. ಅವುಗಳಲ್ಲಿ ಸಾಲು ಸಾಲುಗಳನ್ನೇ ಹೊಡೆದು ಹಾಕಿದ್ದಾರೆ. ಎಲ್ಲಿ ದನಿ ಏರಬೇಕು, ಎಲ್ಲಿ ಇಳಿಯಬೇಕು ಎಂದು ಅಂಚಿನಲ್ಲಿ ಗುರುತು ಹಾಕಿಕೊಂಡಿದ್ದಾರೆ. ಅಷ್ಟು ದೊಡ್ಡ ಲೇಖಕ, ಅಷ್ಟು ಜನಪ್ರಿಯ ಕಥೆ, ಆದರೂ ಅಚ್ಚಾದ ಪುಟವನ್ನು ಹಾಗೇ ಓದಿದರೆ ಸಾಲದು ಎಂದು ಅವರಿಗೆ ಗೊತ್ತಿತ್ತು. ಕಣ್ಣಿಗೆ ಬರೆದದ್ದು ಬೇರೆ, ಕಿವಿಗೆ ಬೇಕಾದದ್ದು ಬೇರೆ.

ಇದನ್ನು ತಿಳಿದ ಮೇಲೆ ನಾನು ಓದುವ ರೀತಿಯೇ ಬದಲಾಯಿತು. ಮೊದಲೆಲ್ಲ ಪುಸ್ತಕ ತೆರೆದು, ಸೊಗಸಾಗಿದೆ ಅನ್ನಿಸಿದ ವರ್ಣನೆಯ ಭಾಗ ಓದುತ್ತಿದ್ದೆ. ಕೇಳುವವರ ಕಣ್ಣು ಎಲ್ಲೋ ಹೋಗುತ್ತಿತ್ತು. ಈಗ ಓದುವ ಭಾಗವನ್ನು ಬೇರೆ ಕಾಗದದಲ್ಲಿ ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಕೊಳ್ಳುತ್ತೇನೆ. ಇಬ್ಬರು ಮಾತಾಡುವ ಭಾಗ ಆರಿಸುತ್ತೇನೆ. ಹಿಂದಿನ ಕಥೆ ಗೊತ್ತಿಲ್ಲದಿದ್ದರೂ ಅರ್ಥವಾಗುವಂತೆ ಎರಡು ಹೆಸರು ಬಿಡುತ್ತೇನೆ, ಒಂದು ಸಾಲು ಸೇರಿಸುತ್ತೇನೆ. ಐದು ನಿಮಿಷಕ್ಕಿಂತ ಜಾಸ್ತಿ ಓದುವುದಿಲ್ಲ. ಮನೆಯಲ್ಲಿ ಗಡಿಯಾರ ಇಟ್ಟುಕೊಂಡು ಮೂರು ಸಲ ಜೋರಾಗಿ ಓದಿ ನೋಡುತ್ತೇನೆ. ಮುಖ್ಯವಾಗಿ, ಏನೋ ಆಗಲಿದೆ ಅನ್ನುವ ಜಾಗದಲ್ಲಿ ನಿಲ್ಲಿಸುತ್ತೇನೆ. ಬೀಗದ ಕಥೆಯನ್ನು ಆ ದಿನ ನಿಲ್ಲಿಸಿದ್ದು ಅಪ್ಪ ಕೀಲಿಕೈ ಜೇಬಿಗೆ ಹಾಕುವಲ್ಲಿ.

ಉತ್ಸವಗಳ ಇತಿಹಾಸ ಇಷ್ಟು ಹಳೆಯದಲ್ಲ. ಇಂಗ್ಲೆಂಡಿನ ಚೆಲ್ಟೆನ್‌ಹ್ಯಾಮ್ ಸಾಹಿತ್ಯ ಉತ್ಸವ 1949ರದ್ದು. ಆಸ್ಟ್ರೇಲಿಯಾದ ಅಡಿಲೇಡ್ ಲೇಖಕರ ಸಪ್ತಾಹ 1960ರದ್ದು. ಅಲ್ಲಿ ಮರದ ನೆರಳಲ್ಲಿ ಕೂತು ಕೇಳಬಹುದು. ಎಡಿನ್‌ಬರೊ ಪುಸ್ತಕೋತ್ಸವ 1983ರಲ್ಲಿ, ಹೇ ಉತ್ಸವ 1988ರಲ್ಲಿ, ಜೈಪುರ ಸಾಹಿತ್ಯ ಉತ್ಸವ 2006ರಲ್ಲಿ ಶುರುವಾದವು. ಇವುಗಳಲ್ಲಿ ನನ್ನ ಮನಸ್ಸಿಗೆ ಹತ್ತಿರವಾದದ್ದು ಹೇ ಎಂಬ ಊರಿನ ಕಥೆ. ವೇಲ್ಸ್‌ನ ಅಂಚಿನಲ್ಲಿರುವ ಆ ಊರಲ್ಲಿ ಎರಡು ಸಾವಿರ ಜನವೂ ಇಲ್ಲ. 1960ರ ದಶಕದ ಆರಂಭದಲ್ಲಿ ರಿಚರ್ಡ್ ಬೂತ್ ಎಂಬವರು ಅಲ್ಲಿ ಹಳೆ ಪುಸ್ತಕದ ಅಂಗಡಿ ತೆರೆದರು. ನೋಡನೋಡುತ್ತಾ ಅಂಗಡಿಗಳ ಸಂಖ್ಯೆ ಬೆಳೆದು ಅದು ಪುಸ್ತಕಗಳ ಊರು ಅಂತಲೇ ಹೆಸರಾಯಿತು. ಉತ್ಸವ ಬಂದದ್ದು ಅದಾದ ಎಷ್ಟೋ ವರ್ಷದ ಮೇಲೆ. ಅಂದರೆ ಮೊದಲು ಬಂದವರು ಓದುಗರು, ವೇದಿಕೆ ಹಾಕಿದ್ದು ಆಮೇಲೆ. ಬಾಲಿಯ ಉಬುದ್ ಉತ್ಸವವನ್ನೂ ನಾನು ಮರೆಯಲಾರೆ. 2002ರಲ್ಲಿ ಆ ದ್ವೀಪದಲ್ಲಿ ಬಾಂಬ್ ಸ್ಫೋಟಗಳಾಗಿ 202 ಜನ ಸತ್ತರು. ಗಾಯ ಮಾಯಲಿ, ಜನ ಮತ್ತೆ ಬರಲಿ ಎಂಬ ಆಸೆಯಿಂದ 2004ರಲ್ಲಿ ಅಲ್ಲಿ ಲೇಖಕರು, ಓದುಗರ ಉತ್ಸವ ಹುಟ್ಟಿತು. ಅಲ್ಲಿ ಪುಸ್ತಕ ಮಾರುವುದಕ್ಕಿಂತ ಮೊದಲು, ಜನ ಹೆದರಿಕೆ ಬಿಟ್ಟು ಒಟ್ಟಿಗೆ ಕೂರಬೇಕಿತ್ತು.

ಉತ್ಸವಕ್ಕೆ ಕರೆ ಬಂದಾಗ ಹೊಸ ಲೇಖಕರ ಮನಸ್ಸು ಪುಸ್ತಕದ ಅಂಗಡಿಯ ಕಡೆ ಹೋಗುತ್ತದೆ. ಎಷ್ಟು ಪ್ರತಿ ಇಡುತ್ತಾರೆ, ಎಷ್ಟು ಹೋಗುತ್ತವೆ. ನಾನು ಈಗ ಕೇಳುವ ಮೊದಲ ಪ್ರಶ್ನೆ ಬೇರೆ: ಗೋಷ್ಠಿ ನಡೆಸುವವರು ಯಾರು, ಅವರಿಗೆ ಪುಸ್ತಕ ಯಾವಾಗ ಕಳಿಸಬೇಕು? 45 ನಿಮಿಷದ ಗೋಷ್ಠಿ ನಿಲ್ಲುವುದೂ ಬೀಳುವುದೂ ಅವರ ಮೇಲೆ. ಪುಸ್ತಕ ಓದದೆ ಬಂದವರು ಎಂದು ಮೊದಲ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. ಬೆನ್ನುಡಿಯ ಮಾತುಗಳೇ ಪ್ರಶ್ನೆಯಾಗಿ ಬರುತ್ತವೆ. ಓದಿ ಬಂದವರು ಎಂಥಾ ದೊಡ್ಡ ಉಪಕಾರ ಮಾಡುತ್ತಾರೆ ಅಂದರೆ, ನಮಗೇ ಗೊತ್ತಿರದ ನಮ್ಮ ಪುಸ್ತಕವನ್ನು ನಮ್ಮ ಕೈಗೆ ಕೊಡುತ್ತಾರೆ. ಹಿಂದಿನ ದಿನ ಅವರ ಜೊತೆ ಅರ್ಧ ಗಂಟೆ ಮಾತಾಡಿದರೆ ಒಳ್ಳೆಯದು. ಆದರೆ ಮುಖ್ಯ ಪ್ರಶ್ನೆಗಳನ್ನು ಅಲ್ಲೇ ಮುಗಿಸಿಬಿಡಬಾರದು. ಒಮ್ಮೆ ಹೇಳಿದ ಉತ್ತರ ಎರಡನೇ ಸಲ ವೇದಿಕೆಯ ಮೇಲೆ ಸಪ್ಪೆಯಾಗುತ್ತದೆ.

ಕೇಳುಗರ ಪ್ರಶ್ನೆಗೆ ಇಟ್ಟ ಹತ್ತು ನಿಮಿಷವನ್ನು ಯಾರೂ ಕದಿಯಬಾರದು. ಮಾತು ಉದ್ದವಾದಾಗ ಮೊದಲು ಕತ್ತರಿ ಬೀಳುವುದು ಅದಕ್ಕೇ. ಅಷ್ಟು ದೂರದಿಂದ ಬಂದು, ಮನಸ್ಸಲ್ಲಿ ಒಂದು ಪ್ರಶ್ನೆ ಇಟ್ಟುಕೊಂಡು, ಧೈರ್ಯ ಮಾಡಿ ಕೈ ಎತ್ತಿದವರಿಗೆ ‘ಸಮಯ ಮುಗಿಯಿತು’ ಅನ್ನುವುದು ನೋಡಲು ಕಷ್ಟ. ಅದಕ್ಕೇ ನಾನು ಗೋಷ್ಠಿ ನಡೆಸುವವರನ್ನು ಮೊದಲೇ ಕೇಳಿಕೊಳ್ಳುತ್ತೇನೆ: ನಿಮ್ಮ ಪ್ರಶ್ನೆ ಒಂದು ಕಡಿಮೆ ಆದರೂ ಪರವಾಗಿಲ್ಲ, ಅವರ ಹೊತ್ತು ಉಳಿಸಿ.

ಹಣದ ಮಾತೂ ಆಡಬೇಕು. ಉತ್ಸವದಲ್ಲಿ ಡೇರೆ ಹಾಕುವವರಿಗೆ, ಮೈಕ್ ಜೋಡಿಸುವವರಿಗೆ, ಟಿಕೆಟ್ ಅಚ್ಚು ಹಾಕುವವರಿಗೆ ಹಣ ಕೊಡುತ್ತಾರೆ. ಎಷ್ಟೋ ಕಡೆ ಲೇಖಕರಿಗೆ ಮಾತ್ರ ಕೊಡುವುದಿಲ್ಲ. ನಿಮಗೆ ಪ್ರಚಾರ ಸಿಗುತ್ತದಲ್ಲ ಅನ್ನುತ್ತಾರೆ. 2016ರ ಜನವರಿಯಲ್ಲಿ ಲೇಖಕ ಫಿಲಿಪ್ ಪುಲ್‌ಮನ್ ಇದೇ ಕಾರಣಕ್ಕೆ ಆಕ್ಸ್‌ಫರ್ಡ್ ಸಾಹಿತ್ಯ ಉತ್ಸವದ ಪೋಷಕ ಸ್ಥಾನ ಬಿಟ್ಟರು. ಆಗ ಅವರು ಬ್ರಿಟನ್ನಿನ ಲೇಖಕರ ಸಂಘದ ಅಧ್ಯಕ್ಷರೂ ಆಗಿದ್ದರು. ಲೇಖಕರಿಗೆ ಗೌರವಧನ ಕೊಡಿ ಎಂದು ಕೇಳುವ ಸಂಘದಲ್ಲಿದ್ದುಕೊಂಡು, ಕೊಡದ ಉತ್ಸವದ ಪೋಷಕರಾಗಿರಲು ಅವರಿಗೆ ಆಗಲಿಲ್ಲ. ನನಗೆ ಅವರ ನಿಲುವು ಪೂರ್ತಿ ಒಪ್ಪಿಗೆ. ಹೆಸರು ಮಾಡಿದವರು ಇದನ್ನು ಗಟ್ಟಿಯಾಗಿ ಹೇಳಿದರೆ ಮಾತ್ರ ಮೊದಲ ಪುಸ್ತಕದವರಿಗೆ ಅನುಕೂಲವಾಗುತ್ತದೆ. ಅವರೇ ಕೇಳಿದರೆ ಮುಂದಿನ ಸಲ ಕರೆ ಬರುತ್ತದೋ ಇಲ್ಲವೋ ಎಂಬ ಅಂಜಿಕೆ ಅವರಿಗಿರುತ್ತದೆ.

2020ರಲ್ಲಿ ಕೋವಿಡ್‌ನಿಂದಾಗಿ ಡೇರೆಗಳೆಲ್ಲ ಮುಚ್ಚಿದವು. ಆ ವರ್ಷ ಮೇ ತಿಂಗಳಲ್ಲಿ ಹೇ, ಆಗಸ್ಟ್‌ನಲ್ಲಿ ಎಡಿನ್‌ಬರೊ ಪೂರ್ತಿ ಆನ್‌ಲೈನ್‌ನಲ್ಲೇ ನಡೆದವು. ಪ್ರವಾಸ ಬೇರೆ, ಉತ್ಸವ ಬೇರೆ ಎಂದು ನಾವು ಎಳೆದುಕೊಂಡಿದ್ದ ಗೆರೆ ಆಗ ಅಳಿಸಿಹೋಯಿತು. ಲೇಖಕರು ತಮ್ಮ ಪುಸ್ತಕದ ಕಪಾಟಿನ ಮುಂದೆ ಕೂತು ಮಾತಾಡಿದರು. ಕಳೆದುಕೊಂಡದ್ದು ಏನು ಎಂದು ಎಲ್ಲರೂ ಬರೆದರು. ಸಿಕ್ಕಿದ್ದು ಏನು ಎಂದು ಬರೆದವರು ಕಡಿಮೆ. ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಳ್ಳುತ್ತಿದ್ದ ನನ್ನ ಗೆಳತಿಯೊಬ್ಬಳು ಜೀವನದಲ್ಲಿ ಮೊದಲ ಸಲ ಸಾಹಿತ್ಯ ಉತ್ಸವ ನೋಡಿದ್ದು ಆಗ. ಗಾಲಿಕುರ್ಚಿಯಲ್ಲಿರುವವರು, ಕಿವಿ ಮಂದ ಇರುವವರು, ಟಿಕೆಟ್ಟಿಗೂ ಪ್ರಯಾಣಕ್ಕೂ ಹಣ ಇಲ್ಲದವರು ಮುಂದಿನ ಸಾಲಿನಲ್ಲೇ ಕೂತ ಹಾಗೆ ಕೇಳಿದರು. ಪರದೆಯ ಕೆಳಗೆ ಮಾತು ಅಕ್ಷರವಾಗಿ ಮೂಡುತ್ತಿತ್ತು. ತಡವಾದರೆ ಆಮೇಲೆ ನೋಡಬಹುದಿತ್ತು. ಬಾಗಿಲು ತೆರೆದ ಮೇಲೆ ಎಷ್ಟೋ ಕಡೆ ಇವನ್ನೆಲ್ಲ ಮತ್ತೆ ಕೈಬಿಟ್ಟರು. ಅದು ನನಗೆ ಬಹಳ ಬೇಸರದ ವಿಷಯ. ಒಳಗೆ ಕರೆದು ಕೂರಿಸಿದವರನ್ನು ಮತ್ತೆ ಹೊರಗೆ ಕಳಿಸಿದ ಹಾಗಾಯಿತು.

ಆನ್‌ಲೈನ್ ಗೋಷ್ಠಿಗಳಲ್ಲಿ ನಾನು ಕಲಿತ ಪಾಠಗಳಲ್ಲಿ ಒಂದು ಗಡಿಯಾರದ್ದು. ನಾಲ್ಕು ದೇಶಗಳ ಕಥೆಗಾರರು ಸೇರುವ ಗೋಷ್ಠಿ. ನಡೆಸುವವರು ನ್ಯೂಯಾರ್ಕ್‌ನಲ್ಲಿ, ಕೇಳುವವರಲ್ಲಿ ಅರ್ಧ ಜನ ಯುರೋಪಿನಲ್ಲಿ, ದಿನ ಮಾರ್ಚ್ ತಿಂಗಳ ಮೂರನೇ ವಾರ. ಅಮೆರಿಕದಲ್ಲಿ ಮಾರ್ಚ್‌ನ ಎರಡನೇ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದೆ ತಿರುಗಿಸುತ್ತಾರೆ, ಯುರೋಪಿನಲ್ಲಿ ಕೊನೆಯ ಭಾನುವಾರ. ನಡುವಿನ ಎರಡು ಮೂರು ವಾರ ಎಲ್ಲರ ಲೆಕ್ಕ ತಪ್ಪುತ್ತದೆ. ನಾನು ಹಳೆಯ ಲೆಕ್ಕದಲ್ಲೇ ಸಮಯ ಗುರುತು ಹಾಕಿಕೊಂಡಿದ್ದೆ. ಒಂದು ಗಂಟೆ ತಡವಾಗಿ ಲಿಂಕ್ ತೆರೆದಾಗ ಎಲ್ಲರೂ ಕೊನೆಯ ಮಾತು ಹೇಳುತ್ತಿದ್ದರು. ನನ್ನ ಕಥೆಯನ್ನು ಉಳಿದ ಮೂವರಲ್ಲಿ ಒಬ್ಬರು ನನ್ನ ಪರವಾಗಿ ಓದಿದ್ದರಂತೆ. ಅವರ ಒಳ್ಳೆಯತನಕ್ಕೆ ನಾನು ಋಣಿ. ಈಗ ಯಾವ ಆಹ್ವಾನ ಬಂದರೂ ಯುಟಿಸಿ, ಅಂದರೆ ಇಡೀ ಜಗತ್ತಿಗೆ ಒಂದೇ ಆದ ಪ್ರಮಾಣಿತ ಸಮಯ, ಎಷ್ಟು ಎಂದು ಕೇಳಿ ಬರೆದುಕೊಳ್ಳುತ್ತೇನೆ. ಅದು ಯಾವ ಋತುವಿನಲ್ಲೂ ಬದಲಾಗುವುದಿಲ್ಲ.

ದೂರದಲ್ಲಿದ್ದುಕೊಂಡೇ ಹತ್ತಿರ ಇರಬೇಕು ಅನ್ನುವ ಆಸೆ ಹಳೆಯದು. 2004ರಲ್ಲಿ ಊರೂರು ಸುತ್ತಿ ಸಹಿ ಹಾಕಿ ದಣಿದ ಕೆನಡಾದ ಕಾದಂಬರಿಕಾರ್ತಿ ಮಾರ್ಗರೆಟ್ ಆಟ್‌ವುಡ್ ಅವರಿಗೆ ಒಂದು ಯೋಚನೆ ಬಂತು. ಲೇಖಕರು ಒಂದು ಊರಲ್ಲಿ ಕೂತು ಬರೆದರೆ, ಇನ್ನೊಂದು ಊರಲ್ಲಿ ಯಂತ್ರದ ಕೈ ನಿಜವಾದ ಶಾಯಿಯಲ್ಲಿ ಓದುಗರ ಪುಸ್ತಕದ ಮೇಲೆ ಸಹಿ ಹಾಕಬೇಕು. ‘ಲಾಂಗ್‌ಪೆನ್’ ಎಂಬ ಆ ಸಾಧನವನ್ನು 2006ರಲ್ಲಿ ಜನರ ಮುಂದೆ ತಂದರು. ಸಹಿ ಹಾಕುವ ಹೊತ್ತಿನಲ್ಲಿ ಇಬ್ಬರೂ ಪರದೆಯ ಮೇಲೆ ಒಬ್ಬರನ್ನೊಬ್ಬರು ನೋಡಿ ಮಾತಾಡಬಹುದಿತ್ತು. ನನಗೆ ಇಷ್ಟವಾದದ್ದು ಅದೇ. ಸಹಿಗಾಗಿ ಸಾಲಿನಲ್ಲಿ ನಿಂತವರಿಗೆ ಬೇಕಾಗಿರುವುದು ಶಾಯಿ ಮಾತ್ರ ಅಲ್ಲ. ಅವರ ಹೆಸರನ್ನು ಕೇಳಿ, ಅಕ್ಷರ ಸರಿಯೇ ಎಂದು ತಲೆ ಎತ್ತಿ ನೋಡುವ ಆ ಅರ್ಧ ನಿಮಿಷವೂ ಬೇಕು.

ಆ ಪಟ್ಟಿಗೆ ವಾಪಸ್ ಬರುತ್ತೇನೆ. ನನ್ನ ಹತ್ತು ನಿಲ್ದಾಣಗಳ ಪಟ್ಟಿಯಲ್ಲಿ ನಾಲ್ಕು ಕಾಲಂ ಇದ್ದವು. ಎಷ್ಟು ಜನ ನೋಡಿದರು, ಎಷ್ಟು ಕಾಮೆಂಟ್, ಎಷ್ಟು ಜನ ಹಂಚಿಕೊಂಡರು, ಆ ವಾರ ಎಷ್ಟು ಪ್ರತಿ ಮಾರಾಟವಾಯಿತು. ಎರಡು ವಾರದಲ್ಲಿ ಮಾರಾಟ ದಿಢೀರ್ ಅಂತ ಏರುವುದಿಲ್ಲ. ಇದನ್ನು ಹೊಸ ಲೇಖಕರಿಗೆ ಮೊದಲೇ ಹೇಳಬೇಕು, ಇಲ್ಲವಾದರೆ ಎದೆ ಒಡೆದುಕೊಳ್ಳುತ್ತಾರೆ. ಪುಸ್ತಕ ಕೊಳ್ಳುವವರು ಅದರ ಹೆಸರನ್ನು ಒಮ್ಮೆ ಕೇಳಿ ಮರೆಯುತ್ತಾರೆ. ಇನ್ನೊಮ್ಮೆ ಎಲ್ಲೋ ಮುಖಪುಟ ಕಾಣುತ್ತದೆ. ಯಾರೋ ಗೆಳೆಯರು ಹೇಳುತ್ತಾರೆ. ಆಮೇಲೆ ಒಂದು ದಿನ ಹೆಸರು ಟೈಪ್ ಮಾಡಿ ಹುಡುಕುತ್ತಾರೆ. ಆಗ ಅವರಿಗೆ ಓದಲು ಏನಾದರೂ ಸಿಗಬೇಕು. ಆನ್‌ಲೈನ್ ಪ್ರವಾಸ ಬಿಟ್ಟು ಹೋಗುವುದು ಅದನ್ನೇ. ಉತ್ಸವದ ಡೇರೆಯನ್ನು ಸಂಜೆಗೆ ಬಿಚ್ಚುತ್ತಾರೆ. ಬರಹ ಇರುತ್ತದೆ, ಮೂರು ತಿಂಗಳಾದರೂ ಯಾರೋ ಬಂದು ಓದುತ್ತಾರೆ.

ಇರುತ್ತದೆ ಅಂದೆ, ಆದರೆ ಎಂದೆಂದಿಗೂ ಅಲ್ಲ. ಹತ್ತರಲ್ಲಿ ಎರಡು ಬ್ಲಾಗ್ ಈಗ ಇಲ್ಲ. ಬರೆಯುವವರಿಗೆ ಬೇರೆ ಕೆಲಸ ಬಂದಿರಬಹುದು, ಡೊಮೇನ್ ಹೆಸರಿಗೆ ವರ್ಷದ ಹಣ ಕಟ್ಟುವುದು ಬಿಟ್ಟಿರಬಹುದು. ಪ್ರವಾಸ ಮಾಡುವವರು ಪ್ರತಿ ನಿಲ್ದಾಣದ ಬರಹವನ್ನು ಬರೆದವರ ಒಪ್ಪಿಗೆ ಕೇಳಿ ಒಂದು ಕಡೆ ಉಳಿಸಿಕೊಳ್ಳಬೇಕು. ನಾನು ಎಂಟನ್ನು ಉಳಿಸಿಕೊಂಡೆ. ಎರಡು ಹೋದವು.

ಉತ್ಸವದ ಆ ರಾತ್ರಿ ಕೋಣೆಗೆ ಬಂದು ಏಳನೇ ನಿಲ್ದಾಣದ ಬರಹ ತೆರೆದೆ. ಪುಣ್ಯಕ್ಕೆ ಅದು ಇತ್ತು. ಮೂರು ತಿಂಗಳ ಹಿಂದೆ ಇದನ್ನು ನಾನು ಓದಿದ್ದೆ ಅಂತಲೇ ನಂಬಿದ್ದೆ. ನಿಜ ಹೇಳಬೇಕೆಂದರೆ ಹೊಗಳಿಕೆಯ ಸಾಲುಗಳನ್ನು ಹುಡುಕಿ, ಎರಡನ್ನು ನಕಲು ಮಾಡಿಕೊಂಡು, ಹಂಚಿಕೊಂಡು ಮುಂದೆ ಹೋಗಿದ್ದೆ. ಈಗ ಮೊದಲಿಂದ ಓದಿದೆ. ಒಂಬತ್ತು ಪ್ಯಾರಾ. ಕಥೆಗಳನ್ನು ಅವರು ಎರಡೆರಡು ಸಲ ಓದಿದ್ದು ಗೊತ್ತಾಗುತ್ತಿತ್ತು. ಎಂಟನೇ ಪ್ಯಾರಾದಲ್ಲಿ ಈ ಸಾಲು ಇತ್ತು: “ಎರಡನೇ ಕೀಲಿಕೈ ಏನಾಯಿತು ಎಂದು ಲೇಖಕರನ್ನು ಕೇಳಬೇಕು ಅನ್ನಿಸುತ್ತದೆ. ಅವರು ಇದನ್ನು ಓದುತ್ತಿದ್ದರೆ ದಯವಿಟ್ಟು ಹೇಳಿ.”

ಮೂರನೇ ಸಾಲಿನ ಓದುಗರು ತಂದದ್ದು ಈ ಪ್ರಶ್ನೆಯನ್ನೇ. ಅವರು ಅದನ್ನು ಇಲ್ಲಿ ಓದಿ, ಪುಸ್ತಕ ಕೊಂಡು, ಉತ್ತರ ಅದರಲ್ಲಿ ಸಿಗದೆ, ನನ್ನನ್ನೇ ಕೇಳಲು ಬಂದಿದ್ದರು. ನಾನು ನನ್ನ ಕೆಲಸ ಸರಿಯಾಗಿ ಮಾಡಿದ್ದರೆ ಅವರಿಗಿಂತ ಮೂರು ತಿಂಗಳು ಮೊದಲೇ ಉತ್ತರ ಯೋಚಿಸಬಹುದಿತ್ತು.

ಬರಹದ ಕೆಳಗೆ ಕಾಮೆಂಟ್ ಜಾಗ ಇನ್ನೂ ಖಾಲಿ ಇತ್ತು. ತಡವಾದದ್ದಕ್ಕೆ ಕ್ಷಮೆ ಕೇಳಿದೆ. ಗೋಷ್ಠಿಯಲ್ಲಿ ಏನಾಯಿತು ಎಂದು ಬರೆದೆ. ಎರಡನೇ ಕೀಲಿಕೈಯನ್ನು ನಾನೇ ಕಳೆದುಹಾಕಿದ್ದೆ, ದಿನವಿಡೀ ಯೋಚಿಸಿದ ಮೇಲೆ ಅದು ಪಕ್ಕದ ಮನೆಯ ಮುದುಕಿಯ ಹತ್ತಿರ ಇದೆ ಅನ್ನಿಸುತ್ತಿದೆ ಎಂದು ಬರೆದೆ. ಆ ಮುದುಕಿ ಕಥೆಯಲ್ಲಿ ಒಂದೇ ಒಂದು ಸಲ, ಕಿಟಕಿಯಲ್ಲಿ ಕಾಣುತ್ತಾಳೆ.

ಬೆಳಿಗ್ಗೆ ಉತ್ತರ ಬಂದಿತ್ತು. “ನನಗೂ ಅವಳ ಮೇಲೇ ಅನುಮಾನ ಇತ್ತು. ಆದರೆ ಅವರು ವಾಪಸ್ ಬಂದಾಗ ಅವಳು ಬದುಕಿರುತ್ತಾಳಾ?”